ಮೂರು ನಿಮಿಷ ನಲವತ್ತು ಸೆಕೆಂಡು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂಬುದು ಬೈಲಹೊಂಗಲದ ಅರ್ಧ ಊರಿಗೆ ಗೊತ್ತು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಆ ಅರ್ಧ ಊರು ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದೆ. ಕಾಯುವುದಂತೂ ನನ್ನ ಹಣೆಯಲ್ಲಿ ಬರೆದೇ ಇಲ್ಲ. ಬಸ್ಸು ಐದು ನಿಮಿಷ ತಡವಾದರೆ ನಡೆದೇ ಹೊರಡುತ್ತೇನೆ. ಸ್ವಲ್ಪ ಹೊತ್ತಿಗೆ ಅದೇ ಬಸ್ಸು ನನ್ನ ಮೈಮೇಲೆ ಧೂಳೆಬ್ಬಿಸಿ ಮುಂದೆ ಹೋಗುತ್ತದೆ. ಈ ಸ್ವಭಾವದಿಂದ ಇಷ್ಟು ದಿನ ತೊಂದರೆಯಾದದ್ದು ನನಗೊಬ್ಬನಿಗೆ. ಹೋದ ಡಿಸೆಂಬರಿನಲ್ಲಿ ಅದು ಪೀರಸಾಬನ ಬಾಗಿಲಿಗೆ ಹೋಗಿ ನಿಂತಿತು.

ಪೀರಸಾಬನದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ, ಹಿಂದೆಯೇ ಮನೆ. ಈಗ ರೇಡಿಯೊ ತರುವವರಿಲ್ಲ. ಮಿಕ್ಸರು, ಇಸ್ತ್ರಿ ಪೆಟ್ಟಿಗೆ, ರಿಮೋಟು ಬರುತ್ತವೆ. ನಮ್ಮಿಬ್ಬರ ಪರಿಚಯ ೧೯೮೬ರದು. ಆ ವರ್ಷ ನಮ್ಮ ಶಾಲೆಗೆ ಎರಡು ಬಿಬಿಸಿ ಮೈಕ್ರೊ ಕಂಪ್ಯೂಟರು ಬಂದಿದ್ದವು. ಕೀಲಿಮಣೆಯ ಹೊಟ್ಟೆಯಲ್ಲೇ ಇಡೀ ಯಂತ್ರ, ಮೇಲೊಂದು ಹಸಿರು ಬೆಳಕಿನ ಮಾನಿಟರು, ಪ್ರೋಗ್ರಾಂ ತುಂಬಿಡಲು ಹಾಡು ಕೇಳುವ ಸಾದಾ ಟೇಪ್ ರೆಕಾರ್ಡರು. ಧಾರವಾಡದಲ್ಲಿ ಹದಿನೈದು ದಿನ ತರಬೇತಿ ಪಡೆದು ಬಂದ ನಾನೇ ಊರಿಗೆಲ್ಲ ಕಂಪ್ಯೂಟರ್ ಪಂಡಿತ. ಮಾನಿಟರು ಕೆಟ್ಟಾಗ ಕರೆಸಿದ್ದು ಇಪ್ಪತ್ತೆರಡು ವರ್ಷದ ಪೀರಸಾಬನನ್ನು. ರಿಪೇರಿ ಮುಗಿದರೂ ಅವನು ಎದ್ದು ಹೋಗಲಿಲ್ಲ.

ಆ ಬೇಸಿಗೆ ರಜೆ ಪೂರ್ತಿ ಕೂತು ನಾವಿಬ್ಬರೂ ದೂರದರ್ಶನದ ಗುರುತನ್ನು ಆ ಯಂತ್ರದಲ್ಲಿ ಬರೆದೆವು. ನಡುವೆ ಒಂದು ದುಂಡು, ಅದನ್ನು ಎರಡು ಕಡೆಯಿಂದ ಅಪ್ಪಿಕೊಂಡ ಎರಡು ಬಾಗು. ಅದು ತಿರುಗುತ್ತ ಬಂದು ಕೂಡುವುದನ್ನು ಆಗ ಮನೆಮನೆಯಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಗ್ರಾಫ್ ಹಾಳೆಯ ಲೆಕ್ಕ ನನ್ನದು, ತಾಳ್ಮೆ ಅವನದು. ಯಂತ್ರ ಮೊದಲು ಒಂದು ಬಾಗನ್ನು ಚುಕ್ಕೆ ಚುಕ್ಕೆಯಾಗಿ ತುಂಬುತ್ತಿತ್ತು, ಆಮೇಲೆ ದುಂಡನ್ನು, ಕೊನೆಗೆ ಎರಡನೇ ಬಾಗನ್ನು. ಎಲ್ಲ ಬರೆದಾದ ಮೇಲೆ ಒಂದೊಂದೇ ಭಾಗವನ್ನು ನಂದಿಸಿ ಹೊತ್ತಿಸಿ ತಿರುಗಿದಂತೆ ತೋರಿಸುತ್ತಿತ್ತು. ತಿರುಗುವುದು ಹತ್ತು ಸೆಕೆಂಡು. ಅದಕ್ಕಿಂತ ಮುಂಚೆ ಬರೆಯಲು ಹಿಡಿಯುವುದು ಮೂರು ನಿಮಿಷ ನಲವತ್ತು ಸೆಕೆಂಡು. ನಾನು ಗಡಿಯಾರ ಹಿಡಿದು ಅಳೆದದ್ದು.

ಕಾಲ ಕಳೆದು ಶಾಲೆಯವರು ಆ ಯಂತ್ರಗಳನ್ನು ಗುಜರಿಗೆ ಹಾಕಿದಾಗ ಪೀರಸಾಬ ಒಂದನ್ನು, ನಮ್ಮ ಪ್ರೋಗ್ರಾಂ ತುಂಬಿದ್ದ ಒಂದೇ ಒಂದು ಕ್ಯಾಸೆಟ್ಟಿನ ಸಮೇತ, ಮನೆಗೆ ತಂದಿದ್ದ. ನಾನು ನಿವೃತ್ತನಾದ ಮೇಲೆ ಇಬ್ಬರೂ ಸೇರಿ ಅದನ್ನು ಬಿಚ್ಚಿ ಕೂತೆವು. ಎರಡು ವರ್ಷ ಬೇಕಾಯಿತು. ಒಮ್ಮೆ ಕೆಪಾಸಿಟರು ಸುಟ್ಟು ಹೊಗೆ ತುಂಬಿ, ಅವನ ಹೆಂಡತಿ ಹಮೀದಾಬಿ ಇಬ್ಬರನ್ನೂ ಅಂಗಡಿಯಿಂದ ಹೊರಗೆ ನಿಲ್ಲಿಸಿ ಬೈದಳು. ಡಿಸೆಂಬರಿನ ಒಂದು ಬೆಳಿಗ್ಗೆ ಒಂಬತ್ತಕ್ಕೆ ಪೀರಸಾಬನ ಫೋನು ಬಂತು. "ಸರ, ಜಲ್ದಿ ಬರ್ರಿ. ಕ್ಯಾಸೆಟ್ಟು ಓಡೈತಿ. ಗುರ್ತು ಬಂದೈತಿ."

ಚಳಿ ಇತ್ತು. ಹೆಂಡತಿ ಭಾಗೀರಥಿಬಾಯಿ ಹೆಣೆದುಕೊಟ್ಟ ದಪ್ಪ ಮಫ್ಲರನ್ನು ತಲೆ, ಕಿವಿ ಎಲ್ಲ ಮುಚ್ಚುವಂತೆ ಸುತ್ತಿ, ನೆತ್ತಿಯ ಮೇಲೆ ಗಂಟು ಹಾಕಿಕೊಂಡು ಹೊರಟೆ. ಆ ಗಂಟಿಗೆ ಎರಡು ಕಿವಿಗಳಂತೆ ತುದಿ ನಿಂತಿರುತ್ತವೆ. ಮೊಲದ ಹಾಗೆ ಕಾಣುತ್ತೀರಿ ಎಂದು ಅವಳೇ ನಗುತ್ತಾಳೆ. ಅಂಗಡಿಯಲ್ಲಿ ಯಂತ್ರ ಇದ್ದದ್ದು ಬಟ್ಟೆಯ ಪರದೆಯ ಆಚೆಗಿನ ಒಳಕೋಣೆಯಲ್ಲಿ. ಪೀರಸಾಬ ಪ್ರೋಗ್ರಾಂ ಶುರು ಮಾಡುವುದಕ್ಕೂ ಹೊರಗೆ ಶಟ್ಟೆವ್ವ ಎಂಬವಳು ಮಿಕ್ಸರಿನ ಜಾರು ಹಿಡಿದು ಕೂಗುವುದಕ್ಕೂ ಸರಿಹೋಯಿತು. "ನೀವು ನೋಡಕೋತ ಕುಂದರ್ರಿ ಸರ, ಬಂದ್ನಿ," ಎಂದು ಅವನು ಹೊರಗೆ ಹೋದ.

ಮೊದಲ ಬಾಗು ಮೂಡಿತು. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ದುಂಡು ಮೂಡಿತು. ಎರಡು ನಿಮಿಷ ಆಗುವಷ್ಟರಲ್ಲಿ ನನ್ನ ಹಳೆಯ ಚಟ ಎದ್ದಿತು. ಶಾಲೆಯಲ್ಲಿ ನಾನು ಹಲಗೆಯ ಮೇಲೆ ಅರ್ಧ ಆಕೃತಿ ಬರೆದು, ಉಳಿದರ್ಧ ಏನು ಹೇಳಿರಿ ಎಂದು ಹುಡುಗರನ್ನು ಸತಾಯಿಸುತ್ತಿದ್ದೆ. ಫೋನು ತೆಗೆದು ಆ ಅರ್ಧ ಚಿತ್ರದ ಫೋಟೊ ಹೊಡೆದೆ. ನಿವೃತ್ತ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: "ಪೀರಸಾಬನ ಅಂಗಡಿಯಲ್ಲಿ ಇಂದು ಮೂಡುತ್ತಿರುವುದು ಏನು? ಚಿತ್ರ ಪೂರ್ಣ ಮಾಡಿರಿ. ಒಂದು ಅಂಕ."

ಎರಡನೇ ಬಾಗು ಬಂತು, ಗುರುತು ತಿರುಗಿತು, ಪೀರಸಾಬ ಓಡಿ ಬಂದು ಕೊನೆಯ ಐದು ಸೆಕೆಂಡು ನೋಡಿದ. ಇಬ್ಬರೂ ಚಹಾ ಕುಡಿದೆವು. ಫೋಟೊದ ಮಾತು ಅವನಿಗೆ ಹೇಳುವುದು ಮರೆತೇಹೋಯಿತು. ಉತ್ತರ ಬಂದ ಮೇಲೆ ತೋರಿಸಿದರಾಯಿತು ಎಂದುಕೊಂಡು ಮನೆಗೆ ಬಂದೆ.

ಹನ್ನೊಂದಕ್ಕೆ ಮನೋಳಿಯಿಂದ ಗ್ರೂಪಿನ ನಿಜಗುಣಪ್ಪ ಮಾಸ್ತರರ ಫೋನು. ಜೀವನದಲ್ಲಿ ಯಾವುದಕ್ಕೂ ಗಡಬಡಿಸದ ಮನುಷ್ಯ.

"ನೀಲಕಂಠಪ್ಪಾರ, ಆ ಫೋಟೊ ಮೊದಲ ಅಳಸ್ರಿ."

"ಯಾಕ್ರಿ? ಉತ್ತರಾ ಬರಲಿಲ್ಲೇನು ನಿಮಗ?" ಎಂದು ನಕ್ಕೆ.

"ಉತ್ತರಾ ಅಲ್ರಿ. ಯಾವನೋ ಅದನ್ನ ಬ್ಯಾರೆ ಕಡೆ ದೂಡ್ಯಾನ. ಸವದತ್ತಿಯೊಳಗ ನನ್ನ ಮೊಮ್ಮಗನ ಫೋನಿಗಿ ಬಂದೈತಿ. ನೀವ ಒಮ್ಮೆ ಕಣ್ಣ ತೆರದು ನೋಡ್ರಿ ಅದನ್ನ."

ಅವರು ಕಳಿಸಿದ್ದನ್ನು ತೆರೆದೆ. ನನ್ನದೇ ಫೋಟೊ. ನನ್ನ ವಾಕ್ಯದಲ್ಲಿ "ಪೀರಸಾಬನ ಅಂಗಡಿಯಲ್ಲಿ ಇಂದು ಮೂಡುತ್ತಿರುವುದು" ಎಂಬಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಕತ್ತರಿಸಿದ್ದರು. ಕೆಳಗೆ ಯಾರೋ ಸೇರಿಸಿದ್ದರು: "ಬೈಲಹೊಂಗಲ ಬಜಾರದಾಗ ಏನ ನಡದೈತಿ ನೋಡ್ರಿ. ಮಲಗಿದ್ದು ಸಾಕು." ಆಗ ನಾನು ಮೊದಲ ಸಲ ಆ ಚಿತ್ರವನ್ನು ಗೊತ್ತಿಲ್ಲದವನ ಕಣ್ಣಿನಿಂದ ನೋಡಿದೆ. ಕಪ್ಪು ಗಾಜು. ಹಸಿರು ಬೆಳಕು. ಒಂದು ಬಾಗಿದ ಚಂದ್ರ, ಅದರ ಮಡಿಲಲ್ಲೊಂದು ಚುಕ್ಕೆ. ಮೇಲೆ ಪೀರಸಾಬನ ಹೆಸರು. ಬೇರೆ ದೇಶದ ಬಾವುಟ ಎಂದು ಓದಿಕೊಳ್ಳುವವನಿಗೆ ಇನ್ನೇನೂ ಬೇಕಾಗಿರಲಿಲ್ಲ.

ಗ್ರೂಪಿನಲ್ಲಿ ನನ್ನ ಸಂದೇಶವನ್ನು ಅಳಿಸಿದೆ. ಅಳಿಸಿದ ಜಾಗದಲ್ಲಿ ಅಳಿಸಲಾಗಿದೆ ಎಂಬ ಸಾಲು ಕೂತಿತು, ಅದು ಇನ್ನೂ ಕೆಟ್ಟದಾಗಿ ಕಂಡಿತು. ನೂರಾ ಎಂಟು ಮಂದಿ ಇರುವ ಗ್ರೂಪು. ಬೆಳಗಾದರೆ ಹೂವಿನ ಚಿತ್ರ, ಸುಭಾಷಿತ ಸುರಿಯುವ ಮಂದಿ ಆ ದಿನ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರೂ ಮಾಸ್ತರರು, ಎಲ್ಲರಿಗೂ ಉತ್ತರ ಗೊತ್ತು, ಎಲ್ಲರಿಗೂ ಹೆದರಿಕೆ. ಅವರನ್ನು ಬೈಯುವ ಅಧಿಕಾರ ನನಗಿಲ್ಲ ಎಂಬುದು ಇನ್ನೊಂದು ತಾಸಿನಲ್ಲಿ ಗೊತ್ತಾಗಲಿತ್ತು.

ಹನ್ನೊಂದೂವರೆಗೆ ಅದು ಕಿತ್ತೂರಿಗೆ ಮುಟ್ಟಿತ್ತು. ಹನ್ನೆರಡಕ್ಕೆ ರಾಮದುರ್ಗದಲ್ಲಿರುವ ಹೆಂಡತಿಯ ತಮ್ಮ ಅದನ್ನೇ ನನಗೆ ಕಳಿಸಿ, "ನಿಮ್ಮೂರಾಗ ಗದ್ದಲ ಏನು?" ಎಂದು ಕೇಳಿದ. ನಾನು ಆ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಗಾಜಿನ ಮೂಲೆಯಲ್ಲಿ ಮಸುಕಾಗಿ ಏನೋ ಇತ್ತು. ಇನ್ನೂ ಹಿಗ್ಗಿಸಿದೆ. ಎತ್ತಿದ ಕೈ, ಕೈಯಲ್ಲಿ ಫೋನು, ಒಂದು ತಲೆ, ತಲೆಯ ಮೇಲೆ ಎರಡು ತುದಿ ನಿಂತ ಗಂಟು.

ಮೊದಲು ಪೀರಸಾಬನಿಗಾಗಿ ಹೆದರಿದ್ದೆ. ಈಗ ನನಗಾಗಿ ಹೆದರಿದೆ. ಎರಡನೆಯ ಹೆದರಿಕೆ ಮೊದಲನೆಯದಕ್ಕಿಂತ ದೊಡ್ಡದಾಗಿತ್ತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮಫ್ಲರನ್ನು ಟ್ರಂಕಿನಲ್ಲಿ ಹಳೆಯ ಧೋತರಗಳ ಕೆಳಗೆ ತುರುಕಿದೆ. "ಥಂಡಿಯೊಳಗ ಬರೇ ತಲೀಲೆ ಎಲ್ಲಿಗೆ ಹೊಂಟ್ರಿ?" ಎಂದು ಭಾಗೀರಥಿಬಾಯಿ ಕೇಳಿದಳು. ಚಪ್ಪಲಿ ಮೆಟ್ಟಿದೆ.

ಪೀರಸಾಬ ಅಂಗಡಿಯಲ್ಲೇ ಇದ್ದ. ಮುಂದೆ ಶಟ್ಟೆವ್ವನ ಮಿಕ್ಸರು ಬಿಚ್ಚಿ ಹರಡಿತ್ತು. ಅವನು ಸ್ಕ್ರೂಡ್ರೈವರು ಹಿಡಿದಿದ್ದ, ತಿರುಗಿಸುತ್ತಿರಲಿಲ್ಲ. ಕಿವಿಗೆ ಫೋನು. ಆ ಕಡೆ ಮಗಳು ಸಾಯಿರಾ, ಕಿತ್ತೂರಿನಲ್ಲಿ ನರ್ಸು. ಅವಳ ಧ್ವನಿ ನನಗೂ ಕೇಳಿಸುತ್ತಿತ್ತು.

"ಅಬ್ಬಾ, ಬಾಗಲಾ ಹಾಕಿ ಒಳಗ ಹೋಗ್ರಿ. ಇಲ್ಲಿ ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. ಅಮ್ಮೀನ್ನ ಕರಕೊಂಡು ಎಲ್ಲ್ಯಾರ ಹೋಗ್ರಿ."

"ಬಾಗಲಾ ಹಾಕಿದ್ರ ತಪ್ಪ ಮಾಡಿದ್ಹಂಗ ಆಗತೈತವಾ," ಎಂದು ಅವನು ಮೆಲ್ಲಗೆ ಹೇಳಿ ಫೋನು ಇಟ್ಟ. ನನ್ನನ್ನು ನೋಡಿದ. ನನ್ನ ತಲೆಯನ್ನು ನೋಡಿದ. "ಕಿವಿಗಿ ಥಂಡಿ ಹತ್ತಂಗಿಲ್ಲೇನ್ರಿ ಸರ? ಮಫ್ಲರ್ ಎಲ್ಲಿ?"

"ಒಗೀಲಿಕ್ಕೆ ಹಾಕ್ಯಾಳ," ಎಂದೆ.

ಅವನು ಸ್ಕ್ರೂಡ್ರೈವರು ಕೆಳಗಿಟ್ಟ. ನಾನೇ ಬಡಬಡಿಸಿದೆ. ಸಾಯಿರಾ ಹೇಳುವುದು ಖರೆ ಅದ, ಒಂದೆರಡು ದಿವಸ ಬಂದ್ ಇಡು, ಯಂತ್ರ ನಮ್ಮ ಮನೆಯಲ್ಲಿ ಇಡೋಣ ಎಂದೆ. ನಾನು ಮಾಡಿದ್ದು ಎಂಬ ಎರಡು ಶಬ್ದ ಮಾತ್ರ ಗಂಟಲಿನಿಂದ ಮೇಲೆ ಬರಲಿಲ್ಲ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಎರಡು ಮೋಟಾರ್ ಸೈಕಲ್ಲು ನಿಂತವು.

ಬಂದವರು ನಾಲ್ವರು. ಮುಂದೆ ವಿರೂಪಾಕ್ಷ; ಪೆಂಡಾಲು, ಮೈಕು ಬಾಡಿಗೆ ಕೊಡುವವನು, ಐವತ್ತು ದಾಟಿದೆ, ನನ್ನ ಹಳೆಯ ವಿದ್ಯಾರ್ಥಿ. ಊರಲ್ಲಿ ಏನೇ ಗದ್ದಲವಾದರೂ ಹುಡುಗರು ಮೊದಲು ಅವನ ಮುಖ ನೋಡುತ್ತಾರೆ. ಹಿಂದಿನ ಮೂವರು ಇಪ್ಪತ್ತೈದರ ಒಳಗಿನವರು. ಅವರ ಹಿಂದೆ ಓಣಿಯ ಬಾಯಿಗೆ ಮಂದಿ ಕೂಡತೊಡಗಿದ್ದರು. ಒಳಗೆ ಮನೆಯಲ್ಲಿ ಹಮೀದಾಬಿಯ ಪಾತ್ರೆಯ ಸದ್ದು ನಿಂತಿತು.

"ಸಾಬ್ರ, ಇದೇನು?" ಎಂದು ವಿರೂಪಾಕ್ಷ ಫೋನು ಮುಂದೆ ಹಿಡಿದ. ನನ್ನನ್ನು ಕಂಡು ಸ್ವಲ್ಪ ಹಿಂಜರಿದ. "ಸರ, ನೀವೂ ಇಲ್ಲೇ ಅದೀರಿ?"

ನಾನು ತಲೆಯಾಡಿಸಿದೆ. ಪೀರಸಾಬ ಎದ್ದು ನಿಂತ. "ಇದು ಅರ್ಧಾ ಐತಿ. ಪೂರಾ ತೋರಸ್ತೇನಿ, ಬರ್ರಿ. ಒಂದ ಸ್ವಲ್ಪ ತಡ್ಕೋಬೇಕಾಗತೈತಿ."

"ತಡ್ಕೊಂಡ ಬಂದೀವಿ," ಎಂದ ಹಿಂದಿನವರಲ್ಲೊಬ್ಬ, ಸಚಿನ ಎಂಬವನು. ಅವನ ಕೈಯಲ್ಲಿ ಫೋನು ಆಗಲೇ ವಿಡಿಯೊ ತೆಗೆಯುತ್ತಿತ್ತು.

ಮೂರು ಜನ ಹಿಡಿಸದ ಒಳಕೋಣೆಯಲ್ಲಿ ಆರು ಮಂದಿ ನಿಂತೆವು. ಪೀರಸಾಬ ಗುಂಡಿ ಒತ್ತಿದ, ಯಂತ್ರ ಪೀಂ ಎಂದಿತು. ಬೆಳಿಗ್ಗೆಯ ಪ್ರೋಗ್ರಾಂ ಯಂತ್ರ ಆರಿಸಿದ ಕೂಡಲೇ ಅಳಿದಿತ್ತು, ಮತ್ತೆ ಕ್ಯಾಸೆಟ್ಟಿನಿಂದಲೇ ಎತ್ತಬೇಕು. ಟೇಪ್ ರೆಕಾರ್ಡರು ಕಿರಿಚತೊಡಗಿತು. ಸಚಿನ ಕಿವಿ ಮುಚ್ಚಿಕೊಂಡು, "ಏನ ಸಿಗ್ನಲ್ ಕಳಸಾಕತ್ತಾನ ನೋಡ," ಎಂದ. ಅದು ಚೇಷ್ಟೆಯೋ ನಿಜವಾಗಿ ಅಂದದ್ದೋ ತಿಳಿಯಲಿಲ್ಲ. ಅರ್ಧ ಓದಿದ ಮೇಲೆ ಯಂತ್ರ ನಿಂತು, ಟೇಪನ್ನು ಹಿಂದಕ್ಕೆ ಸುತ್ತು ಎಂದು ಬರೆಯಿತು. ಹಳೆಯ ಟೇಪು, ಅದನ್ನು ಓದುವ ಹೆಡ್ಡಿನ ಮೇಲೆ ಧೂಳು. ಪೀರಸಾಬ ಅಂಗಿಯ ತುದಿಯಿಂದ ಹೆಡ್ಡನ್ನು ಒರೆಸಿ, ಧ್ವನಿಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಮೊದಲಿನಿಂದ ಹಚ್ಚಿದ. ಈ ಸಲವೂ ನಿಂತರೆ ಇವರಿಗೆ ತೋರಿಸಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಓದಿತು. ಪೀರಸಾಬ ಶುರು ಮಾಡಿದ.

ಬಾಗು ಚುಕ್ಕೆ ಚುಕ್ಕೆಯಾಗಿ ಏಳತೊಡಗಿತು. ಹೆಂಗಸರು ರಂಗೋಲಿಯ ಎಳೆ ತುಂಬುವಷ್ಟು ನಿಧಾನ. ಒಂದು ನಿಮಿಷ. ಬಾಗು ತುಂಬಿತು. ಪೀರಸಾಬ ಪರದೆ ನೋಡುತ್ತಿರಲಿಲ್ಲ. ಒಮ್ಮೆ ನನ್ನ ಕಡೆ ನೋಡಿದ, ಕಣ್ಣು ತೆಗೆದ. ಎರಡು ನಿಮಿಷ. ದುಂಡು ಬಂದು ಕೂತಿತು. ಫೋನಿನಲ್ಲಿದ್ದ ಅದೇ ಚಿತ್ರ ಈಗ ಎದುರಿಗಿತ್ತು, ಹಸಿರಾಗಿ, ಕೈಯಳತೆಯಲ್ಲಿ.

"ಇದ! ಇದ ನೋಡ್ರಣ್ಣಾ!" ಎಂದ ಸಚಿನ. "ಸಾಕ ಬಂದ್ ಮಾಡ್ರಿ." ಅವನ ಕೈ ಗೋಡೆಯ ಪ್ಲಗ್ಗಿಗೆ ಹೋಯಿತು. ಅದನ್ನು ಕಿತ್ತಿದ್ದರೆ ಅವನ ವಿಡಿಯೊದಲ್ಲಿ ಆ ಅರ್ಧವೇ ಉಳಿಯುತ್ತಿತ್ತು, ಸದಾಕಾಲಕ್ಕೆ.

"ಕೈ ತಗೀ," ಎಂದು ನಾನು ಗದರಿದೆ. ಮೂವತ್ತೈದು ವರ್ಷದ ಮಾಸ್ತರಿಕೆ ಆ ಧ್ವನಿಯಲ್ಲಿತ್ತು. ಅವನ ಕೈ ಹಿಂದಕ್ಕೆ ಬಂತು. ವಿರೂಪಾಕ್ಷನ ಕೈಯೂ ತಾನಾಗಿ ಕಿವಿಯ ಹತ್ತಿರ ಹೋಗಿ ಬಂತು. ಅಷ್ಟು ಗದರುವ ಧೈರ್ಯ ಇದ್ದವನಿಗೆ ಇನ್ನೊಂದು ವಾಕ್ಯ ಹೇಳುವ ಧೈರ್ಯ ಇರಲಿಲ್ಲ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತ ನಿಂತೆ. ಎರಡನೇ ಬಾಗು ಕೆಳಗಿನಿಂದ ಏರಿ ಬಂದು ದುಂಡನ್ನು ಅಪ್ಪಿತು. ಗುರುತು ಕೂಡಿತು, ತಿರುಗಿತು, ನಿಂತಿತು.

ಮೂವರು ಹುಡುಗರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನಿದು?" ಎಂದ ಸಚಿನ. ಇವರು ಹುಟ್ಟುವ ಹೊತ್ತಿಗೆ ಮನೆಮನೆಗೆ ಕೇಬಲ್ ಬಂದಿತ್ತು. ನಾವು ನಂಬಿ ಕೂತಿದ್ದ ಉತ್ತರ ಇವರಿಗೆ ಗೊತ್ತೇ ಇಲ್ಲ.

ವಿರೂಪಾಕ್ಷ ಬಾಗಿ ಪರದೆಯನ್ನು ನೋಡುತ್ತಿದ್ದ. ಅವನ ಗಂಟಲಿನಿಂದ ಸಣ್ಣ ರಾಗವೊಂದು ಹೊರಟಿತು, ಆ ಗುರುತಿನ ಜೊತೆ ದಿನಾ ಬರುತ್ತಿದ್ದ ರಾಗ. ಎರಡು ಎಳೆ ಗುನುಗಿ ನಿಲ್ಲಿಸಿದ. "ದೂರದರ್ಶನ ಐತಲೇ ಇದು," ಎಂದ. "ನಮ್ಮ ಮನ್ಯಾಗ ಟಿ.ವಿ. ಇರಲಿಲ್ಲ. ಗೌಡ್ರ ಕಿಡಕಿ ಹಿಡದು ನಿಂತ ನೋಡತಿದ್ದೆ. ಕಾಲ ಮರಗಟ್ಟತಿದ್ದು." ಅವನು ನಕ್ಕ. ಹುಡುಗರು ಅವನನ್ನು ನೋಡಿ ನಕ್ಕರು. ಹೊರಗೆ ಯಾರೋ ಕೇಳಿದರು, ಯಾರೋ ಹೇಳಿದರು, ಓಣಿಯ ಬಾಯಿ ಸ್ವಲ್ಪ ಸ್ವಲ್ಪವೇ ತೆರವಾಯಿತು.

ಸಚಿನ ಮಾತ್ರ ಬಿಡಲಿಲ್ಲ. "ಮತ್ತ ಅರ್ಧದ್ದ ಫೋಟೊ ಹೊಡದು ಬಿಟ್ಟಾಂವ ಯಾರು? ಅವನ್ನ ಹಿಡೀಬೇಕಲ್ಲ."

ಇಡೀ ಕೋಣೆ ಪೀರಸಾಬನ ಕಡೆ ತಿರುಗಿತು. ನಾನು ನೆಲ ನೋಡಿದೆ.

"ಯಾರೋ ಗಿರಾಕಿ ಇರಬೇಕ್ರಿ," ಎಂದ ಪೀರಸಾಬ. "ದಿನಾ ಹತ್ತ ಮಂದಿ ಬರತಾರ. ಯಾರಂತ ಹೇಳೂದು."

"ಇದನ್ನ ಹಿಂಗ ಅರ್ಧಂಬರ್ಧ ತೋರಸಬ್ಯಾಡ್ರಿ ಸಾಬ್ರ," ಎಂದು ವಿರೂಪಾಕ್ಷ ಹೊರಡುವಾಗ ಹೇಳಿದ, ಬುದ್ಧಿ ಹೇಳುವವನಂತೆ. "ಹುಡುಗ್ರು ಬಿಸಿ ರಕ್ತದಾವ್ರು. ನಾ ಇದ್ದೆ, ಆತು. ಎಲ್ಲಾ ಸಲ ನಾ ಇರಂಗಿಲ್ಲ."

ಪೀರಸಾಬ ಹೂಂ ಎಂದ. ಅವರು ಹೋದ ಮೇಲೆ ಹಮೀದಾಬಿ ಬಾಗಿಲ ಪರದೆಯ ಸಂದಿಯಿಂದ ಎರಡು ಕಪ್ ಚಹಾ ಇಟ್ಟಳು. ನಾನು ಕುಡಿದೆ. ಪೀರಸಾಬನ ಚಹಾ ಹಾಗೇ ಆರಿತು.

ಎಂಟು ದಿನ ಆ ಓಣಿಗೆ ಹೋಗಲಿಲ್ಲ. ಪ್ರತಿ ಸಲ ಫೋನು ಸದ್ದು ಮಾಡಿದರೂ ಜೀವ ಬಾಯಿಗೆ ಬರುತ್ತಿತ್ತು. ಗ್ರೂಪಿನಲ್ಲಿ ಮತ್ತೆ ಹೂವಿನ ಚಿತ್ರ ಶುರುವಾಗಿದ್ದವು. ಒಂಬತ್ತನೇ ದಿನ ನನ್ನ ಮೇಲೇ ಸಿಟ್ಟು ಬಂದು, ಇವತ್ತು ಹೇಳಿಯೇ ತೀರುತ್ತೇನೆ ಎಂದು ಹೊರಟೆ. ಟ್ರಂಕಿನವರೆಗೆ ಹೋದೆ, ತೆರೆಯಲಿಲ್ಲ. ಬರಿ ತಲೆಯಲ್ಲೇ ಹೋದೆ.

"ಬರ್ರಿ ಸರ. ಒಂದೀಟ ಫರಕ ಮಾಡೇನಿ, ನೋಡ್ರಿ," ಎಂದು ಪೀರಸಾಬ ನನ್ನನ್ನು ಯಂತ್ರದ ಮುಂದೆ ಕೂರಿಸಿ ಶುರು ಮಾಡಿದ. ಪರದೆ ಕಪ್ಪಗಿತ್ತು. ಕಾದೆ. ಕಪ್ಪಗೇ ಇತ್ತು.

"ಕೆಟ್ಟು ಹೋತೇನು?"

"ಇಲ್ರಿ. ಬರಿಯಾಕತ್ತೈತಿ. ಬಣ್ಣ ಎಲ್ಲಾ ಮೊದಲ ಕರೀ ಮಾಡೇನಿ. ಕರೀ ಮ್ಯಾಲ ಕರೀ ಬರೀತೈತಿ. ಪೂರಾ ಆದಮ್ಯಾಗ ಒಮ್ಮೆಲೆ ಹಚ್ಚತೈತಿ. ನಡುವ ಯಾರ ಬಂದ್ರೂ ಏನೂ ಕಾಣಂಗಿಲ್ಲ."

ಕಪ್ಪು ಗಾಜಿನಲ್ಲಿ ಬೇರೇನೂ ಇರಲಿಲ್ಲವಾದ್ದರಿಂದ ಅದರಲ್ಲಿ ನಾನು ಕಾಣುತ್ತಿದ್ದೆ. ಬೋಳು ತಲೆ, ಕನ್ನಡಕ. ನನ್ನ ಹೆಗಲ ಹಿಂದೆ ಪೀರಸಾಬ. ಅವನು ನೋಡುತ್ತಿದ್ದುದು ಪರದೆಯನ್ನಲ್ಲ, ಗಾಜಿನೊಳಗಿನ ನನ್ನನ್ನು.

"ಆ ಫೋಟೊದಾಗೂ ಹಿಂಗ ಕಾಣತಿದ್ರಿ ಸರ," ಎಂದ. "ಮಫ್ಲರ್ ಗಂಟು ಛಲೋ ಬಂದಿತ್ತು."

ಗಾಜಿನೊಳಗಿನ ಅವನನ್ನೇ ಕೇಳಿದೆ. "ಯಾವಾಗ ಗೊತ್ತಾತು?"

"ಸಾಯಿರಾ ಕಳಸಿದ್ಲಲ್ರಿ, ಆವಾಗನ."

"ಮತ್ತ ಅವರ ಮುಂದ ಯಾಕ ಹೇಳಲಿಲ್ಲೋ?"

ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಿಟ್ಟಿನ ಭಾಷೆ ನನಗೆ ಗೊತ್ತು. ಅವನು ಮಿಕ್ಸರಿನ ದೋಷ ಹೇಳುವಷ್ಟು ಸಾದಾ ಧ್ವನಿಯಲ್ಲಿ ಹೇಳಿದ. "ಮೂರ ನಿಮಿಷ ನಲವತ್ತ ಸೆಕೆಂಡ್ ಇತ್ತಲ್ರಿ. ನೀವ ಹೇಳತೀರಂತ ಕಾದ್ನಿ."

ಪರದೆ ಒಮ್ಮೆಲೇ ಬೆಳಗಿತು. ಗುರುತು ಪೂರ್ತಿಯಾಗಿ ಬಂದು ನಿಂತಿತ್ತು, ಎಲ್ಲಿಯೂ ಬೆರಳು ತೋರಿಸಲು ಬಾರದಂತೆ. ಅದರ ಬೆಳಕಿನಲ್ಲಿ ಗಾಜಿನೊಳಗಿನ ನಾವಿಬ್ಬರೂ ಮರೆಯಾದೆವು.

"ಪೀರಸಾಬ, ಹಳೇದನ್ನ ಒಮ್ಮೆ ಹಚ್ಚು," ಎಂದೆ. "ಮೊದಲಿಂದ ಬರೀಲಿ. ಪೂರಾ ಆಗೂತನಕಾ ಕೂಡತೀನಿ."

"ಅದ ಕ್ಯಾಸೆಟ್ಟಿನ ಮ್ಯಾಲ ಇದನ್ನ ತುಂಬೇನ್ರಿ ಸರ," ಎಂದ ಅವನು. "ಸಾಯಿರಾಗ ಮಾತ ಕೊಟ್ಟೇನಿ. ಹಳೇದ ಈಗ ಇಲ್ಲ."